ಅತ್ತೆಗೆ ಕುಡಿಸಿದ ನೀರು

ಗೊರವನಹಳ್ಳಿಗೆ ಹೊರಟ ಶುಕ್ರವಾರ ಬೆಳಿಗ್ಗೆ ಅತ್ತೆ ಸೀರೆಯನ್ನು ಒಳಮಗ್ಗುಲು ಹೊರಗಾಗಿ ಉಟ್ಟುಕೊಂಡು ಬಂದು ನಡುಮನೆಯಲ್ಲಿ ನಿಂತರು. ಅಂಚಿನ ಹಿಂಬದಿಯ ಬಿಡಿ ದಾರಗಳೆಲ್ಲ ಎದ್ದು ಕಾಣುತ್ತಿದ್ದವು. ನಾನು ಮಧುಗಿರಿಯಲ್ಲಿ ರವಿಕೆ ಹೊಲಿದು ಬದುಕುವವಳು, ಇಂಥದ್ದೆಲ್ಲ ಮೊದಲು ಬೀಳುವುದು ನನ್ನ ಕಣ್ಣಿಗೇ. "ಅತ್ತೆ, ಸೀರೆ ಉಲ್ಟಾ ಉಟ್ಕಂಡಿದ್ದೀರಿ" ಅಂದೆ. ಅವರು ಬಗ್ಗಿ ನೆರಿಗೆ ನೋಡಿಕೊಂಡು, "ಸರಿಯಾಗೇ ಐತಲ್ಲಮ್ಮ" ಅಂದರು. ನನ್ನ ಸೆರಗು ಒಂದು ಗೇಣು ಹೆಚ್ಚುಕಡಿಮೆಯಾದರೂ ಬೀದಿಗೆ ಕೇಳುವ ಹಾಗೆ ರೇಗುತ್ತಿದ್ದ ಹೆಂಗಸು ಇವರು. ನಾನೇ ಬಿಚ್ಚಿ ಮತ್ತೆ ಉಡಿಸಿದೆ. ಉಡಿಸುವಾಗ ನನ್ನ ಭುಜ ಹಿಡಿದುಕೊಂಡರು, ಹಿಡಿದ ಕೈ ಅದುರುತ್ತಿತ್ತು. ನನಗೆ ಒಳಗೊಳಗೇ ಭಯ ಶುರುವಾಯಿತು.

ಅಷ್ಟರಲ್ಲಿ ಅಂಗಳದಿಂದ ನಮ್ಮವರ ದನಿ ಬಂತು. "ಅವ್ವಂಗೆ ನೀರು ಕುಡ್ಸಿದ್ಯಾ? ಬಿಸ್ಲಿಗೆ ಹೋಗ್ತಾ ಇದ್ದೀವಿ, ಹೊರಡೋಕ್ ಮುಂಚೆ ಒಂದು ಬಾಟ್ಲಿ ಮುಗೀಬೇಕು!"

ನಮ್ಮವರು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಅವರು ಸೀಟಿ ಊದಿದರೆ ಮೈದಾನದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಮಕ್ಕಳೆಲ್ಲ ಸಾಲಿಗೆ ಬಂದು ನಿಲ್ಲುತ್ತಿದ್ದವು. ನಿವೃತ್ತಿಯಾದ ಮೇಲೆ ಸಾಲಿಗೆ ನಿಲ್ಲಿಸಲು ಅವರಿಗೆ ಉಳಿದವರು ನಾವಿಬ್ಬರೇ, ನಾನು ಮತ್ತು ಅತ್ತೆ. ನಾನು ಸುಲಭಕ್ಕೆ ಬಗ್ಗುವ ಪೈಕಿಯಲ್ಲ. ಬೆಟ್ಟದ ಬುಡದಲ್ಲಿ ಬೆಳಗಿನ ವಾಕಿಂಗ್ ಮಾಡುವವರ ಗುಂಪು ಸೇರಿಕೊಂಡ ಮೇಲಂತೂ ಅವರ ಹುಮ್ಮಸ್ಸು ಹಿಡಿಯುವವರಿಲ್ಲದಾಯಿತು. ಅಲ್ಲಿ ಯಾರೋ ಬಂದು ಆರೋಗ್ಯದ ಬಗ್ಗೆ ಭಾಷಣ ಮಾಡಿದರಂತೆ. ನಮ್ಮ ಕಾಯಿಲೆಗಳಿಗೆಲ್ಲ ನೀರು ಸಾಲದಿರುವುದೇ ಮೂಲ, ಬಾಯಾರಿಕೆಯಾಗುವವರೆಗೆ ಕಾದರೆ ಕೆಟ್ಟಿರಿ ಅಂದರಂತೆ. ಅವತ್ತು ಸಂಜೆಯೇ ಮನೆಗೆ ಮೂರು ದೊಡ್ಡ ಬಾಟಲಿ ಬಂದವು. ಅವರದು ನೀಲಿ, ನನ್ನದು ಕೆಂಪು, ಅತ್ತೆಯದು ಹಸಿರು. ನನ್ನ ಕೆಂಪು ಬಾಟಲಿಯನ್ನು ನಾನು ಹೊಲಿಗೆ ಯಂತ್ರದ ಪಕ್ಕ ಇಟ್ಟುಕೊಂಡು, ಅವರು ಆಚೆ ಹೋದಾಗ ಕರಿಬೇವಿನ ಗಿಡಕ್ಕೆ ಸುರಿಯುತ್ತಿದ್ದೆ. ಆ ವರ್ಷ ಗಿಡ ಚೆನ್ನಾಗಿ ಚಿಗುರಿತು.

ಅತ್ತೆ ಸುರಿಯಲಿಲ್ಲ, ಕುಡಿದರು. ಅದೇ ನನಗೆ ಆಶ್ಚರ್ಯ. ಒಂದು ಮಾತ್ರೆ ನುಂಗಿಸಬೇಕಾದರೆ ಮನೆಮಂದಿಯನ್ನೆಲ್ಲ ಅಳಿಸುತ್ತಿದ್ದ ಈ ಮುದುಕಿ, ಮಗ ಹೇಳಿದ ತಕ್ಷಣ ಗಟಗಟನೆ ಬಾಟಲಿ ಎತ್ತುತ್ತಿದ್ದರು. ಯಾಕೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಲಿಲ್ಲ. ನಮ್ಮವರು ತಾಯಿಯ ಹತ್ತಿರ ಕೂತು ಮಾತಾಡಿದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಮೈದಾನ, ಸಂಜೆ ಮೈದಾನ. ಮನೆಗೆ ಬಂದರೆ ಊಟ, ನಿದ್ದೆ. ಈಗ ಅದೇ ಮಗ ಗಂಟೆಗೊಂದು ಸಲ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಅವ್ವ, ನೀರು ಕುಡುದ್ಯಾ?" ಅಂತ ಕೇಳುತ್ತಾನೆ. ಕುಡಿದರೆ "ಭೇಷ್" ಅನ್ನುತ್ತಾನೆ. ಆ ಒಂದು ಭೇಷ್‌ಗೋಸ್ಕರ ಅತ್ತೆ ಕೆರೆಯನ್ನೇ ಕುಡಿದುಬಿಡುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನೀರಿನ ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಅತ್ತೆಗೆ ಬಿ.ಪಿ. ಇದೆ ಅಂತ ಡಾಕ್ಟರು ದಿನಕ್ಕೊಂದು ಮಾತ್ರೆ ಕೊಟ್ಟು, ಉಪ್ಪು ಸ್ವಲ್ಪ ಕಡಿಮೆ ಮಾಡಿ ಅಂದಿದ್ದರು. 'ಕಡಿಮೆ ಮಾಡಿ' ಎನ್ನುವುದು ನಮ್ಮವರ ಕಿವಿಗೆ ಹೋಗುವಾಗ 'ಬಿಡಿ' ಅಂತಾಗುತ್ತದೆ. ಅವರು ಅರ್ಧಂಬರ್ಧ ಏನನ್ನೂ ಮಾಡಿದವರಲ್ಲ. ಕಲ್ಲುಪ್ಪಿನ ಜಾಡಿ ಅಟ್ಟ ಸೇರಿತು. ಉಪ್ಪಿನಕಾಯಿ ಪಕ್ಕದ ಮನೆಗೆ ಹೋಯಿತು. ಅತ್ತೆ ಬೆಳಿಗ್ಗೆ ಎದ್ದರೆ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪಿನ ಹರಳು ಹಾಕಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಕುಡಿಯುವವರು. ಪಾವಗಡ ತಾಲೂಕಿನ ರಾಯಚರ್ಲು ಕಡೆಯವರು ಅವರು, ಆ ಬಿಸಿಲಿನಲ್ಲಿ ಹೊಲ ಗೇದು ಬೆಳೆದ ಮೈ. ಅಂಬಲಿ ಈಗ ಸಪ್ಪೆಯಾಯಿತು. ಮೊದಲನೆಯ ದಿನ ಒಂದು ಗುಟುಕು ಕುಡಿದು, "ಇದೇನು, ಕರ ಸತ್ತೋದ ಹಸೀನ್ ಹಾಲಿದ್ದಂಗೈತೆ" ಅಂತ ಮುಖ ಕಿವಿಚಿದರು. ಮಗ ಪಕ್ಕದಲ್ಲಿ ಬಂದು ಕೂತ ಮೇಲೆ ಲೋಟ ಖಾಲಿ ಮಾಡಿದರು.

ಮನೆಯಲ್ಲಿ ಎರಡು ಥರದ ನೀರು ಇರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊರಟಗೆರೆಯಾಗಲಿ, ಶಿರಾ ಆಗಲಿ, ಬೋರ್‌ವೆಲ್ಲಿನಿಂದ ಬರುವ ನೀರಿಗೆ ನಾವು ಉಪ್ಪುನೀರು ಅನ್ನುತ್ತೇವೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಒಳಗೆಲ್ಲ ಬಿಳಿ ಪಟ್ಟೆ ಕಟ್ಟುತ್ತದೆ. ಅದು ಪಾತ್ರೆಗೆ, ಬಟ್ಟೆಗೆ, ಸ್ನಾನಕ್ಕೆ. ಕುಡಿಯುವುದಕ್ಕೆ ಫಿಲ್ಟರ್ ನೀರು. ನಾಣ್ಯ ಹಾಕಿ ಕ್ಯಾನಿನಲ್ಲಿ ಹಿಡಿದು ತರುತ್ತೇವೆ. ಅದಕ್ಕೆ ಸಿಹಿನೀರು ಅಂತ ಹೆಸರು. ನೆಂಟರ ಮನೆಗೆ ಹೋದರೂ ಮೊದಲು ಕೇಳುವ ಮಾತು, "ಇದು ಉಪ್ಪುನೀರಾ, ಸಿಹಿನೀರಾ?" ಅಂತಲೇ. ಈ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಆಗಿದ್ದು ಬೇರೆ ಊರಿನವರಿಗೆ ಅರ್ಥವಾಗಲಿ ಅಂತ.

ಬೇಸಿಗೆ ಏರುತ್ತಿದ್ದ ಹಾಗೆ ಅತ್ತೆ ಕುಗ್ಗುತ್ತಾ ಬಂದರು. ತಲೆನೋವು ಅಂದರು. ಊಟ ಮುಂದಿಟ್ಟರೆ ಓಕರಿಕೆ. ಹಗಲೆಲ್ಲ ತೂಕಡಿಕೆ. ನಮ್ಮವರ ಹತ್ತಿರ ಎಲ್ಲಕ್ಕೂ ಒಂದೇ ಉತ್ತರವಿತ್ತು. "ನೀರು ಸಾಲ್ತಿಲ್ಲ. ಈ ಬಿಸ್ಲಲ್ಲಿ ಮೈ ಒಣ್ಗೋಗ್ತಾ ಐತೆ." ಹಸಿರು ಬಾಟಲಿ ಮತ್ತೊಮ್ಮೆ ತುಂಬುತ್ತಿತ್ತು. ಒಂದು ದಿನ ಅತ್ತೆ ಗೋಡೆ ಹಿಡಿದುಕೊಂಡು ನಡೆಯುವುದನ್ನು ಕಂಡು ನಾನು ಸಿಡಿದೆ.

"ಏನ್ರೀ, ದನಕ್ಕೆ ಕುಡ್ಸೋ ಹಂಗೆ ಕುಡುಸ್ತಾ ಇದ್ದೀರಲ್ಲ. ಕುಡುದಷ್ಟೂ ಬಾಡ್ತಾ ಇದ್ದಾರೆ, ಕಣ್ಣಿಗೆ ಕಾಣಲ್ವಾ?"

"ನಿಂಗೇನ್ ಗೊತ್ತು? ನೀನು ಗಿಡಕ್ಕೆ ಸುರಿಯೋದು ನಂಗ್ ಗೊತ್ತಿಲ್ಲ ಅನ್ಕಂಡಿದ್ದೀಯಾ?"

ಕಳ್ಳಿ ಕೈಗೆ ಸಿಕ್ಕಿಬಿದ್ದ ಮೇಲೆ ನ್ಯಾಯ ಹೇಳಿದರೆ ಯಾರು ಕೇಳುತ್ತಾರೆ? ಆದರೂ ಡಾಕ್ಟರಿಗೆ ತೋರಿಸೋಣ ಅಂತ ಪಟ್ಟು ಹಿಡಿದೆ. ಸೋಮವಾರ ಕರೆದುಕೊಂಡು ಹೋಗುವುದಾಗಿ ಒಪ್ಪಿದರು. ಶುಕ್ರವಾರ ಗೊರವನಹಳ್ಳಿ ಮಹಾಲಕ್ಷ್ಮಿಗೆ ಬರುತ್ತೇವೆ ಅಂತ ಅತ್ತೆಯ ಹರಕೆ ಇತ್ತು, ಮೊದಲು ಅದು ಮುಗಿಯಲಿ ಅಂದರು. ಸೋಮವಾರ ದೂರವೇನಲ್ಲ ಅಂತ ನಾನೂ ಸುಮ್ಮನಾದೆ.

ಆ ಶುಕ್ರವಾರ ಬಸ್ಸಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತರು. ಮಧುಗಿರಿ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಂಡಕ್ಟರ್ ಬಂದ. ಅತ್ತೆ ಅವನ ತೋಳು ಹಿಡಿದು, "ಮಾ ಊರು ವಚ್ಚಿಂದಾ?" ಅಂದರು. ನಮ್ಮೂರು ಬಂತಾ ಅಂತ, ತೆಲುಗಿನಲ್ಲಿ. ಪಾವಗಡದ ಕಡೆ ಮನೆಯೊಳಗೆ ತೆಲುಗಾಡುವವರು ಬಹಳ, ಅತ್ತೆಯ ತವರಿನಲ್ಲೂ ಅದೇ ಮಾತು. ಆದರೆ ಮದುವೆಯಾಗಿ ಬಂದ ಮೇಲೆ ಅವರ ಬಾಯಿಂದ ತೆಲುಗು ಬಂದಿದ್ದು ಕಡಿಮೆ. ಸಿಟ್ಟು ಬಂದಾಗ ಎರಡು ಬೈಗುಳ, ಅಷ್ಟೇ. ಕಂಡಕ್ಟರ್ ನಕ್ಕು ಮುಂದೆ ಹೋದ. ನಾನು ನಮ್ಮವರ ಮುಖ ನೋಡಿದೆ.

"ಬಿಸ್ಲಿಗೆ ತಲೆ ತಿರುಗ್ತಾ ಐತೆ" ಅಂದು ಅವರು ಬಾಟಲಿ ತೆಗೆದರು. "ಕುಡಿಯವ್ವ."

ಅತ್ತೆ ಕುಡಿದರು. ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸುವಾಗ ಮತ್ತೆ ಕುಡಿದರು. ಅಲ್ಲಿ ಅವರನ್ನು ಇಳಿಸಲು ನಾವಿಬ್ಬರೂ ಎರಡು ಕಡೆ ಹಿಡಿದುಕೊಳ್ಳಬೇಕಾಯಿತು. "ವಾಪಸ್ ಹೋಗಾಣ" ಅಂದೆ. "ಇಷ್ಟು ದೂರ ಬಂದು?" ಅಂದರು ನಮ್ಮವರು. ಇನ್ನೊಂದು ಬಸ್ಸು ಆಗಲೇ ಬಂದು ನಿಂತಿತ್ತು, ಜನ ನುಗ್ಗುತ್ತಿದ್ದರು, ನಮ್ಮನ್ನೂ ನೂಕಿಕೊಂಡು ಹತ್ತಿಸಿಬಿಟ್ಟರು.

ಗೊರವನಹಳ್ಳಿಯಲ್ಲಿ ಇಳಿದು ಅಂಗಡಿ ಸಾಲಿನವರೆಗೂ ಬಂದಿರಲಿಲ್ಲ, ಅತ್ತೆ ವಾಂತಿ ಮಾಡಿಕೊಂಡರು. ಬಂದಿದ್ದೆಲ್ಲ ಬರೀ ನೀರು. ನಾನು ಅವರನ್ನು ಒಂದು ಹಣ್ಣಿನಂಗಡಿಯ ಟಾರ್ಪಾಲಿನ ನೆರಳಿಗೆ ಕರೆತಂದು ಕೂರಿಸಿ ತೊಡೆಗೆ ಒರಗಿಸಿಕೊಂಡೆ. ಜನ ಸುತ್ತುಗಟ್ಟಿದರು. "ಬಿಸ್ಲು ಹೊಡ್ದಿರಬೇಕು, ನೀರು ಕುಡ್ಸಿ" ಅಂತ ಒಬ್ಬರು. "ತಲೆಗೆ ತಟ್ಟಿ, ಬಾಯಿಗೂ ಹಾಕಿ" ಅಂತ ಇನ್ನೊಬ್ಬರು. ಯಾರದೋ ಕೈಯಿಂದ ಒಂದು ಲೋಟ ಬಂತು, ಇನ್ನೊಂದು ಕಡೆಯಿಂದ ಒಂದು ಬಾಟಲಿ ಬಂತು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ನಮ್ಮವರು ಒಂದೊಂದನ್ನೂ ಇಸಿದುಕೊಂಡು ತಾಯಿಯ ಬಾಯಿಗೆ ಹಿಡಿದರು. ಅತ್ತೆ ಕಣ್ಣು ಬಿಟ್ಟು ಮಗನನ್ನು ದಿಟ್ಟಿಸಿ, "ಎವರುರಾ ನುವ್ವು?" ಅಂದರು. ಯಾರೋ ನೀನು? ಆ ಮಾತು ಕೇಳಿ ಅವರ ಕೈಯಲ್ಲಿದ್ದ ಲೋಟ ಅರ್ಧ ನನ್ನ ಮಡಿಲಿಗೆ ಚೆಲ್ಲಿತು.

ನನ್ನ ತಂಗಿ ಶಿರಾ ತಾಲೂಕಿನ ತಾವರೆಕೆರೆಯಲ್ಲಿ ನರ್ಸ್. ಅವಳಿಗೆ ಫೋನ್ ಮಾಡಿದೆ. ಏನಾಯಿತು ಅಂತ ಅರ್ಧ ಕೇಳುವಷ್ಟರಲ್ಲೇ ಅವಳ ದನಿ ಬದಲಾಯಿತು. "ಅಕ್ಕ, ಉಪ್ಪು ಪೂರ್ತಿ ಬುಡ್ಸಿದ್ದೀರಾ? ನೀರು ಹಂಗೇ ಕುಡುಸ್ತಾ ಇದ್ದೀರಾ? ಅಯ್ಯೋ, ಇನ್ನು ನೀರು ಕೊಡಬ್ಯಾಡಿ. ಉಪ್ಪುನೀರು ಕೊಡಿ, ಒಂದೊಂದೇ ಗುಟುಕು, ಎಚ್ಚರ ಇದ್ರೆ ಮಾತ್ರ. ಗಾಡಿ ಮಾಡ್ಕಂಡು ಆಸ್ಪತ್ರೆಗೆ ಹೊರಡಿ, ಈಗ್ಲೇ."

ನಾನು ನಮ್ಮವರ ಕಡೆ ತಿರುಗಿ ಕೂಗಿದೆ, "ರೀ, ಉಪ್ಪುನೀರು ಕೊಡ್ಬೇಕಂತೆ!"

ಅವರು ಓಡಿದರು. ಆ ವಯಸ್ಸಿನಲ್ಲೂ ಅವರ ಓಟ ಓಟವೇ. ಜನರನ್ನು ಸೀಳಿಕೊಂಡು ಹೋಗಿ, ಅಷ್ಟೇ ಬೇಗ ಹಸಿರು ಬಾಟಲಿ ತುಂಬಿಸಿಕೊಂಡು ಬಂದರು. ತಾಯಿಯ ತಲೆ ಎತ್ತಿ ಹಿಡಿದು ಕುಡಿಸತೊಡಗಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಗುಟುಕರಿಸಿದರು. ಒಂದೊಂದೇ ಗುಟುಕು ಅಂತ ತಂಗಿ ಹೇಳಿದ್ದು ನನಗೆ ಮಾತ್ರ ಕೇಳಿತ್ತು. ನಾನು ಬೇಡ ಬೇಡ, ಸಾಕು ಅನ್ನುವಷ್ಟರಲ್ಲಿ ಕಾಲು ಬಾಟಲಿ ಇಳಿದಿತ್ತು.

ಹಣ್ಣಿನಂಗಡಿಯ ಹೆಂಗಸು ಎದ್ದು ನಿಂತು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಣ್ಣಾ, ಅದು ಕುಡಿಯೋ ನೀರಲ್ಲ ಕಣಣ್ಣ! ಅಲ್ಲಿ ಬರ್ದವ್ರಲ್ಲ, ಉಪ್ಪುನೀರು ಅಂತ. ಕೈಕಾಲು ತೊಳ್ಯಾಕೆ ಬುಟ್ಟಿರೋ ನಲ್ಲಿ ಅದು."

"ಗೊತ್ತು ಕಣಮ್ಮ" ಅಂತ ನಮ್ಮವರು ಗದರಿದರು. "ಉಪ್ಪುನೀರೇ ಬೇಕು ಅಂದವ್ರೆ. ನೋಡ್ಕಂಡೇ ಹಿಡ್ಕಂಬಂದೆ."

ಫೋನಿನಲ್ಲಿ ತಂಗಿ ಇನ್ನೂ ಇದ್ದಳು. "ಅಕ್ಕ, ಏನ್ ಕೊಟ್ರಿ? ಬೋರ್ ನೀರಾ? ನಾನ್ ಹೇಳಿದ್ದು ಉಪ್ಪು ಹಾಕಿದ್ ನೀರು! ಅಡುಗೆ ಉಪ್ಪು! ಬೋರ್ ನೀರೂ ಬರೀ ನೀರೇ ಅಲ್ವಾ!" ಅಂತ ಅವಳು ಕಿರುಚಿದ್ದು ಸುತ್ತ ನಿಂತವರಿಗೂ ಕೇಳಿಸಿತು. ಯಾರೂ ನಗಲಿಲ್ಲ. ಆ ಜಾಗದಲ್ಲಿ ನಿಂತಿದ್ದ ಯಾರಿಗೆ ಹೇಳಿದ್ದರೂ ಅದೇ ನಲ್ಲಿಗೇ ಓಡುತ್ತಿದ್ದರು. ಬರೆದರೆ 'ಉಪ್ಪುನೀರು', 'ಉಪ್ಪು ನೀರು' ಅಂತ ಬೇರೆ ಮಾಡಿ ತೋರಿಸಬಹುದೇನೋ. ಬಾಯಲ್ಲಿ ಎರಡೂ ಒಂದೇ. ಹುಟ್ಟಿದಾಗಿನಿಂದ ಉಪ್ಪುನೀರು ಅಂದರೆ ನಮಗೆ ಬಿಳಿ ಪಟ್ಟೆ ಕಟ್ಟುವ ಆ ನಲ್ಲಿ ನೀರು. ತಾಯಿಯನ್ನು ಉಳಿಸಿಕೊಳ್ಳಬೇಕು ಅಂತ ಓಡಿದ ಮನುಷ್ಯ, ಆ ಹೊತ್ತಿನಲ್ಲಿ ಪದದ ಅರ್ಥ ಬಿಡಿಸುತ್ತಾ ಕೂರುತ್ತಾನೆಯೇ?

ಹಣ್ಣಿನಂಗಡಿಯವಳು ಮಾವಿನಕಾಯಿ ಹೋಳಿಗೆ ಸವರಲು ಇಟ್ಟುಕೊಂಡಿದ್ದ ಉಪ್ಪಿನ ಬಟ್ಟಲು ಎತ್ತಿಕೊಂಡು ಬಂದಳು. ಅಷ್ಟು ಹೊತ್ತಿಗೆ ಅತ್ತೆಯ ಹಲ್ಲು ಕಚ್ಚಿಕೊಂಡಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ಕೈಕಾಲು ಸೆಟೆದು ಅದುರತೊಡಗಿದವು. "ಬಾಯಿಗೆ ಏನೂ ಹಾಕಬ್ಯಾಡಿ, ಮಗ್ಗುಲಾಗಿ ಮಲಗ್ಸಿ" ಅಂತ ತಂಗಿ ಹೇಳುತ್ತಲೇ ಇದ್ದಳು. ನಮ್ಮವರು ತಾಯಿಯ ಪಾದ ಹಿಡಿದುಕೊಂಡು, "ಅವ್ವ, ಅವ್ವ" ಅನ್ನುತ್ತಿದ್ದರು.

ಯಾರೋ ಆಟೋ ತಂದರು. ಕೊರಟಗೆರೆಯ ಆಸ್ಪತ್ರೆಯಲ್ಲಿ ಅದುರುವುದು ನಿಲ್ಲಲು ಇಂಜೆಕ್ಷನ್ ಕೊಟ್ಟು, ತಡ ಮಾಡದೆ ಆಂಬುಲೆನ್ಸಿನಲ್ಲಿ ತುಮಕೂರಿಗೆ ಕಳಿಸಿದರು. ದಾರಿಯುದ್ದಕ್ಕೂ ನಾನು ಅತ್ತೆಯ ಎದೆ ಏಳುವುದು ಇಳಿಯುವುದನ್ನೇ ನೋಡುತ್ತಾ ಕೂತಿದ್ದೆ. ನನಗೂ ಅವರಿಗೂ ಎಷ್ಟು ಜಗಳವೋ ಲೆಕ್ಕವಿಲ್ಲ. ಆದರೆ ಅವರಿಲ್ಲದ ಮನೆಯಲ್ಲಿ ನಾನು ಯಾರ ಜೊತೆ ಜಗಳವಾಡಲಿ ಅಂತ ಅವತ್ತು ಅನ್ನಿಸಿ ದುಃಖ ಉಕ್ಕಿ ಬಂತು.

ತುಮಕೂರಿನಲ್ಲಿ ರಕ್ತ ಪರೀಕ್ಷೆಯ ಚೀಟಿ ಹಿಡಿದುಕೊಂಡು ಬಂದ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ಮಗಳಂತಿದ್ದರು. "ದಿನಕ್ಕೆ ಎಷ್ಟು ನೀರು ಕುಡೀತಾರೆ?" ಅಂತ ಕೇಳಿದರು. ನಮ್ಮವರು ನೆಟ್ಟಗೆ ನಿಂತು, "ಮೂರು ಬಾಟ್ಲಿ ತಪ್ಸಲ್ಲ ಮೇಡಂ. ಬೇಸ್ಗೇಲಿ ನಾಲ್ಕು" ಅಂದರು. ಡಾಕ್ಟರಮ್ಮ ಕೈಯಲ್ಲಿದ್ದ ಚೀಟಿಯನ್ನು ಇನ್ನೊಂದು ಸಲ ನೋಡಿದರು. ನಮ್ಮವರ ಮುಖ ನಿಧಾನಕ್ಕೆ ಇಳಿಯುತ್ತಾ ಹೋಯಿತು.

ಆಮೇಲೆ ಅವರು ಬಿಡಿಸಿ ಹೇಳಿದರು. ಮೈಗೆ ನೀರು ಬೇಕು, ಬೇಡ ಅನ್ನುವವರು ಯಾರು. ಆದರೆ ರಕ್ತದಲ್ಲಿ ಇಷ್ಟು ಅಂತ ಉಪ್ಪೂ ಇರಬೇಕು. ಅತ್ತೆ ನುಂಗುತ್ತಿದ್ದ ಬಿ.ಪಿ. ಮಾತ್ರೆ ಉಚ್ಚೆಯಲ್ಲಿ ಉಪ್ಪನ್ನು ಹೊರಗೆ ಕಳಿಸುವಂಥದ್ದು. ಊಟದಲ್ಲಿ ಉಪ್ಪು ನಿಂತಿತ್ತು. ಉಳಿದಿದ್ದ ಚೂರುಪಾರನ್ನು ಸುರಿದ ನೀರೆಲ್ಲ ತೆಳ್ಳಗೆ ಮಾಡಿಬಿಟ್ಟಿತ್ತು. ಮಿದುಳು ಊದಿಕೊಂಡಿದ್ದಕ್ಕೇ ಈ ಗಲಿಬಿಲಿ, ಈ ಮರೆವು, ಈ ಅದುರು. "ಡ್ರಿಪ್‌ನಲ್ಲಿ ಉಪ್ಪು ಕೊಡ್ತಿದ್ದೀವಿ. ಬೇಗ ಏರಿಸಿದ್ರೂ ಮಿದುಳಿಗೆ ಪೆಟ್ಟು, ನಿಧಾನಕ್ಕೇ ಏರಬೇಕು. ನಾವು ಹೇಳೋವರೆಗೂ ಬಾಯಿಗೆ ನೀರು ಕೊಡಬೇಡಿ. ತುಟಿ ಒಣಗಿದ್ರೆ ಹತ್ತಿ ಒದ್ದೆ ಮಾಡಿ ಒರಸಿ, ಅಷ್ಟೇ." ನಮ್ಮವರು ಆ ಮಾತನ್ನು ಬಾಯಿಪಾಠ ಮಾಡಿಕೊಳ್ಳುವವರ ಹಾಗೆ ತುಟಿ ಅಲ್ಲಾಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ಎರಡು ಸಲ ಹೋಗಿ ಸಿಸ್ಟರ್ ಹತ್ತಿರವೂ ಕೇಳಿ ಖಚಿತ ಮಾಡಿಕೊಂಡರು.

ಮರುದಿನ ಮಧ್ಯಾಹ್ನ ಅತ್ತೆ ಕಣ್ಣು ಬಿಟ್ಟರು. ನನ್ನ ನಾದಿನಿ, ಎಂದರೆ ನಮ್ಮವರ ತಂಗಿ, ಶಿರಾದಿಂದ ಅಷ್ಟು ಹೊತ್ತಿಗೆ ಬಂದಿದ್ದಳು. ಅತ್ತೆಯ ಬುದ್ಧಿ ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ. ಸುತ್ತಲೂ ಇದ್ದ ವಯರು, ಟ್ಯೂಬು, ನಮ್ಮ ಮೂವರ ಮುಖ, ಒಂದೊಂದನ್ನೇ ನೋಡಿದರು. ತಾನು ಹೊರಟಿದ್ದೇನೆ ಅಂತ ಅವರಿಗೆ ಅನ್ನಿಸಿಬಿಟ್ಟಿತು. ಅದು ನನಗೆ ಅವರ ಮುಖದಲ್ಲೇ ಕಂಡಿತು. ಮಗನ ಕಡೆಗೆ ತಿರುಗಿ, "ನೋಟ್ಲೋ ನೀಳ್ಳು ಪೊಯ್ರಾ" ಅಂದರು.

ನನಗೆ ತೆಲುಗು ಅಷ್ಟಕ್ಕಷ್ಟೇ, ಆದರೂ ಇದು ಅರ್ಥವಾಯಿತು. ಬಾಯಿಗೆ ನೀರು ಹಾಕೋ. ಬಾಯಾರಿದವರು ಕೇಳುವ ದನಿಯಲ್ಲ ಅದು. ಹೋಗುವ ಜೀವ ಮಗನ ಕೈಯಿಂದ ಕೊನೆಯ ಗುಟುಕು ಕೇಳುವ ದನಿ. ಗಂಡು ಮಗನನ್ನು ಹೆರುವುದೇ ಅದಕ್ಕೆ ಅಂತ ಅತ್ತೆಯೇ ಎಷ್ಟು ಸಲ ಹೇಳಿದ್ದರು. ನಾದಿನಿ ಗೊಳೋ ಅಂತ ಅತ್ತುಬಿಟ್ಟಳು.

ನಮ್ಮವರು ಹತ್ತಿಯ ಉಂಡೆ ಒದ್ದೆ ಮಾಡಿ ತಾಯಿಯ ತುಟಿ ಒರೆಸಿದರು. ಅತ್ತೆ ಅದನ್ನು ನಾಲಿಗೆಯಿಂದ ನೂಕಿದರು. "ಇದಾ ನೀರು?" ಅಂದರು. ಈ ಸಲ ಕನ್ನಡದಲ್ಲಿ. "ಹುಯ್ಯೋ... ಕೈಯಾರೆ ಹುಯ್ಯೋ ಮಗನೆ."

"ಇಲ್ಲ ಕಣವ್ವ. ಆಗಲ್ಲ."

"ಅಣ್ಣ, ಒಂದು ಚಮಚ" ಅಂದಳು ನಾದಿನಿ. "ಒಂದು ತೊಟ್ಟು ಬುಟ್ರೆ ಏನಾಗೋಯ್ತದೆ? ಅವ್ವ ಇಂಗೇ ಹೋಗ್ಬುಟ್ರೆ ನಾವು ಯಾವ ಬಾಯಲ್ಲಿ ಅನ್ನ ಉಣ್ಣೋದು?"

ನಾನೂ ಅವಳ ಕಡೆಗೇ ಇದ್ದೆ. ನೀರು ಹೆಚ್ಚಾಯಿತು ಅಂತ ಮೊದಲಿನಿಂದ ಕಿರುಚಿದವಳು ನಾನೇ. ಆದರೆ ಆ ಮುಖ ನೋಡುತ್ತಾ ನಿಲ್ಲುವುದು ನನ್ನಿಂದ ಆಗಲಿಲ್ಲ. ಮೇಜಿನ ಮೇಲಿದ್ದ ಲೋಟಕ್ಕೆ ಕೈ ಹಾಕಿದೆ. ನಮ್ಮವರು ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿ, ನೋಯುವ ಹಾಗೆ.

"ಬ್ಯಾಡ" ಅಂದರು. "ಒಂದ್ಸಲ ತಪ್ಪಾಗಿ ಕೇಳಿಸ್ಕಂಡಿದ್ದು ಸಾಕು. ಈಗ ಅವರು ಏನು ಹೇಳವ್ರೋ ಅದೇ. ಅವ್ವ ನನ್ನ ಬೈಲಿ, ಶಾಪ ಹಾಕ್ಲಿ. ಒಂದು ತೊಟ್ಟೂ ಬ್ಯಾಡ."

ಅತ್ತೆ ಅವರನ್ನೇ ನೋಡುತ್ತಿದ್ದರು. ಬೈಯಲಿಲ್ಲ. ಶಾಪ ಹಾಕಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು, ಅಷ್ಟೇ. ನಮ್ಮವರು ಲೋಟದ ನೀರನ್ನು ತೆಗೆದುಕೊಂಡು ಹೋಗಿ ಬೇಸಿನ್ನಿಗೆ ಸುರಿದು ಬಂದು ಮಂಚದ ಪಕ್ಕ ನಿಂತರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಮಧ್ಯಾಹ್ನ ಪೂರ್ತಿ ಅವರು ಕಾವಲಿನವರ ಹಾಗೆ ಅಲ್ಲೇ ನಿಂತಿದ್ದರು, ನಾದಿನಿಯನ್ನೂ ನನ್ನನ್ನೂ ನಂಬದೆ. ನಾನು ಮನಸ್ಸಿನಲ್ಲಿ ಒಂದೇ ಬೇಡಿಕೊಂಡೆ: ಇವತ್ತು ಈ ಹೆಂಗಸು ಸಾಯಬಾರದು. ಸತ್ತರೆ ಈ ಮನುಷ್ಯ ಉಳಿಯುವುದಿಲ್ಲ.

ಅತ್ತೆ ಸಾಯಲಿಲ್ಲ. ರಕ್ತದ ಚೀಟಿಗಳು ಒಂದೊಂದಾಗಿ ಸುಧಾರಿಸುತ್ತಾ ಬಂದವು. ಡಾಕ್ಟರು ಮಾತ್ರೆ ಬದಲಾಯಿಸಿದರು. ಮೊದಲು ಮಜ್ಜಿಗೆ ಬಂತು, ಆಮೇಲೆ ಅಳತೆಯ ನೀರು. ಒಂದು ಬೆಳಿಗ್ಗೆ ನಾನು ತಲೆ ಬಾಚಲು ಹೋದಾಗ, "ಅದೇನ್ ರವಿಕೆ ಹಾಕ್ಕಂಡಿದ್ದೀಯೆ, ತೋಳು ಒಂದು ಉದ್ದ ಒಂದು ಗಿಡ್ಡ. ಊರಿಗೆಲ್ಲ ಹೊಲೀತೀಯ, ನಿಂಗೊಂದು ನೆಟ್ಗೆ ಹೊಲ್ಕಳಾಕಾಗಲ್ವೇನೇ?" ಅಂದರು. ಬೈಗುಳ ಕೇಳಿ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಡಿಸ್ಚಾರ್ಜ್ ಆಗುವ ದಿನ ನಾದಿನಿ ಡಾಕ್ಟರಮ್ಮನ ಹತ್ತಿರ ಅಣ್ಣನ ಮೇಲೆ ದೂರು ಹೇಳಿದಳು. ಆಕೆ ನಮ್ಮವರನ್ನು ನೋಡಿ ಮೆಲ್ಲಗೆ ನಕ್ಕು, "ಒಂದು ಚಮಚ ಕೊಟ್ಟಿದ್ರೆ ಏನೂ ಆಗ್ತಿರಲಿಲ್ಲ ಸರ್, ನಮ್ಮನ್ನ ಒಂದು ಮಾತು ಕೇಳಬಹುದಿತ್ತು" ಅಂದರು. ಹಗುರವಾಗಿ ಹೇಳಿದ ಮಾತು. ನಮ್ಮವರು ಮಾತ್ರ ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದು ಕೂತರು. ಕಡಿಮೆ ಅಂದರೆ ಬಿಡುವುದು, ಕೊಡಬೇಡಿ ಅಂದರೆ ತೊಟ್ಟೂ ಇಲ್ಲ. ಕಾಯಿಲೆ ತಂದ ಹಟವೂ ಕಾಯಿಲೆಯ ಹತ್ತಿರ ಕಾವಲು ನಿಂತ ಹಟವೂ ಒಂದೇ ಮನುಷ್ಯನದು. ಅವರನ್ನು ಬೈಯಬೇಕೋ ಸಮಾಧಾನ ಮಾಡಬೇಕೋ ನನಗೆ ತಿಳಿಯಲಿಲ್ಲ. ಅವರ ಪಕ್ಕದಲ್ಲಿ ಕೂತೆ.

ಈಗ ಮನೆಯಲ್ಲಿ ಅಂಬಲಿಗೆ ಉಪ್ಪು ಬೀಳುತ್ತದೆ, ಡಾಕ್ಟರು ಹೇಳಿದಷ್ಟು. ಬಾಯಾರಿದಾಗ ನೀರು ಕುಡಿಯುತ್ತೇವೆ. ನಮ್ಮವರು ವಾಕಿಂಗಿಗೆ ಹೋಗುತ್ತಾರೆ, ಆದರೆ ಯಾರಿಗೂ ಉಪದೇಶ ಮಾಡುವುದಿಲ್ಲ. ತಾಯಿಯ ಹತ್ತಿರ ಗಂಟೆಗೊಂದು ಸಲ ಹೋಗಿ ಕೂರುವುದನ್ನೂ ಬಿಟ್ಟುಬಿಟ್ಟಿದ್ದರು. ಏನು ನೆಪ ಮಾಡಿಕೊಂಡು ಹೋಗಬೇಕು ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ ಅಂತ ಕಾಣುತ್ತದೆ.

ಅತ್ತೆಗೆ ಆ ದಿನಗಳದ್ದು ಹೆಚ್ಚಿನದೆಲ್ಲ ಮರೆತಿದೆ. ಬಸ್ಸು ನೆನಪಿಲ್ಲ, ದೇವಸ್ಥಾನ ನೆನಪಿಲ್ಲ. ಆಸ್ಪತ್ರೆಯ ಆ ಮಧ್ಯಾಹ್ನ ಮಾತ್ರ ಚೆನ್ನಾಗಿ ನೆನಪಿದೆ. ನೋಡಲು ಬಂದವರಿಗೆಲ್ಲ ಅದೇ ಕಥೆ. "ಸಾಯೋ ತಾಯಿ ಬಾಯಿಗೆ ಒಂದು ತೊಟ್ಟು ನೀರು ಬುಡ್ಲಿಲ್ಲ ಕಣಮ್ಮ ನನ್ ಮಗ." ಬಂದವರು ನಗುತ್ತಾರೆ, ಅದಕ್ಕೇ ಬದುಕಿದ್ದೀಯಲ್ಲ ಅಜ್ಜಿ ಅನ್ನುತ್ತಾರೆ. ನಮ್ಮವರು ನಗುವುದಿಲ್ಲ. ಎದ್ದು ಹಿತ್ತಲಿಗೆ ಹೋಗುತ್ತಾರೆ.

ಮೊನ್ನೆ ಹಾಗೆ ಎದ್ದು ಹೊರಟವರನ್ನು ಅತ್ತೆ ತಡೆದರು. ಬಂದಿದ್ದ ನೆಂಟರು ಹೋಗಿಯಾಗಿತ್ತು. ಪಕ್ಕದಲ್ಲಿ ಚಾಪೆ ತಟ್ಟಿ ತೋರಿಸಿ, "ಬಾರೋ, ಕೂತ್ಕ" ಅಂದರು. ಅವರು ಕುಕ್ಕರುಗಾಲಲ್ಲಿ ಕೂತರು. ನಾನು ಯಂತ್ರ ತುಳಿಯುವುದನ್ನು ನಿಲ್ಲಿಸಿದೆ.

"ಡಾಕ್ಟ್ರು ಬ್ಯಾಡ ಅಂದಿದ್ರು, ನೀನು ಕೊಡ್ಲಿಲ್ಲ. ಅದೆಲ್ಲ ನಂಗೆ ಗೊತ್ತಾಯ್ತದೆ ಕಣ್ಲಾ, ನಾನೇನು ದಡ್ಡಿಯಲ್ಲ" ಅಂದರು ಅತ್ತೆ. "ಆದ್ರೆ ಒಂದಿನ ನಿಜವಾಗ್ಲೂ ಹೋಯ್ತೀನಲ್ಲ. ಅವತ್ತು ಇಂಗೆ ಯಾರ್ನೂ ಕೇಳ್ಕಂಡು ನಿಂತ್ಕಬ್ಯಾಡ. ಕೊಟ್ಬುಡು."

ನಮ್ಮವರು ತಲೆ ಆಡಿಸಿದರು.

"ತಲೆ ಆಡುಸ್ಬ್ಯಾಡ. ಬಾಯ್ಬುಟ್ಟು ಹೇಳು."

"ಕೊಡ್ತೀನಿ ಕಣವ್ವ" ಅಂದರು.